ಮೋತಿಹಾರಿಯ ಕಟಕಟೆಯಲ್ಲಿ ಒಂದು ಮಧ್ಯಾಹ್ನ

ಬಿಹಾರದ ಉತ್ತರ ಅಂಚಿನಲ್ಲಿ, ನೇಪಾಳದ ಗಡಿಗೆ ಸಮೀಪದಲ್ಲಿ ಮೋತಿಹಾರಿ ಎಂಬ ಪಟ್ಟಣವಿದೆ. ಒಂದು ಕಾಲಕ್ಕೆ ಇಡೀ ಚಂಪಾರಣ ಜಿಲ್ಲೆಯ ಕೇಂದ್ರವಾಗಿದ್ದ ಊರು ಇದು. ಈಗ ಪೂರ್ವ ಚಂಪಾರಣ ಜಿಲ್ಲೆಯ ಕೇಂದ್ರ. ಇಲ್ಲಿ 48 ಅಡಿ ಎತ್ತರದ ಒಂದು ಶಿಲಾಸ್ತಂಭವಿದೆ. ಅದರ ವಿನ್ಯಾಸ ಶಾಂತಿನಿಕೇತನದ ಹೆಸರಾಂತ ಕಲಾವಿದ ನಂದಲಾಲ್ ಬೋಸರದು. 1978ರ ಏಪ್ರಿಲ್ 18ರಂದು ಇದು ಲೋಕಾರ್ಪಣೆಗೊಂಡಿತು.

ಈ ಸ್ತಂಭ ನಿಂತಿರುವ ಜಾಗದಲ್ಲಿ ಹಿಂದೆ ಒಂದು ನ್ಯಾಯಾಲಯವಿತ್ತು. ಹೈಕೋರ್ಟಿನ ವೈಭವವಾಗಲಿ, ದೊಡ್ಡ ನಗರದ ಕೋರ್ಟಿನ ಗತ್ತಾಗಲಿ ಅದಕ್ಕಿರಲಿಲ್ಲ. ಅದು ಉಪವಿಭಾಗದ ಮ್ಯಾಜಿಸ್ಟ್ರೇಟರ ಕಚೇರಿ. ಹೊಲದ ಬದುವಿನ ಜಗಳ, ಹೊಡೆದಾಟ, ಸಣ್ಣಪುಟ್ಟ ಕಳವಿನ ವಿಚಾರಣೆ ನಡೆಯುವಂಥ ಜಾಗ. 1917ರ ಏಪ್ರಿಲ್ 18, ಬುಧವಾರದಂದು ಆ ಕಚೇರಿಯ ಕಟಕಟೆಯಲ್ಲಿ 47 ವರ್ಷದ ಒಬ್ಬ ಗುಜರಾತಿ ಬ್ಯಾರಿಸ್ಟರ್ ನಿಂತು ಒಂದು ಚಿಕ್ಕ ಹೇಳಿಕೆಯನ್ನು ಓದಿದರು. ಭಾರತದ ರಾಜಕಾರಣದಲ್ಲಿ ಮೋಹನದಾಸ ಕರಮಚಂದ ಗಾಂಧಿಯವರ ಬದುಕು ಶುರುವಾದದ್ದು ಅಲ್ಲಿಂದ ಎಂದರೆ ತಪ್ಪಾಗದು.

ಆ ದಿನ ಗಾಂಧೀಜಿ ಜಗತ್ತಿಗೆ ಅಪರಿಚಿತರೇನೂ ಆಗಿರಲಿಲ್ಲ. ದಕ್ಷಿಣ ಆಫ್ರಿಕದಲ್ಲಿ ಎರಡು ದಶಕಗಳ ಹೋರಾಟ ಅವರ ಹಿಂದಿತ್ತು. ಆದರೆ 1915ರ ಜನವರಿಯಲ್ಲಿ ತಾಯ್ನಾಡಿಗೆ ಮರಳಿದ ಮೇಲೆ, ಒಂದು ವರ್ಷ ದೇಶ ಸುತ್ತಿ ನೋಡು, ಅಲ್ಲಿಯವರೆಗೆ ಸಾರ್ವಜನಿಕ ವಿಷಯಗಳಲ್ಲಿ ಅಭಿಪ್ರಾಯ ಹೇಳಬೇಡ ಎಂದು ಗುರುಸ್ಥಾನದಲ್ಲಿದ್ದ ಗೋಪಾಲಕೃಷ್ಣ ಗೋಖಲೆಯವರು ಹೇಳಿದ್ದ ಮಾತಿಗೆ ಅವರು ಕಟ್ಟುಬಿದ್ದಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ, ಗೋಖಲೆಯವರು ತೀರಿಕೊಂಡ ಕೆಲವೇ ತಿಂಗಳ ನಂತರ, ಅವರ ಭಾವಚಿತ್ರವನ್ನು ಅನಾವರಣ ಮಾಡಲು ಗಾಂಧೀಜಿ ಬೆಂಗಳೂರಿಗೂ ಬಂದಿದ್ದರು. ಸುತ್ತಾಟ ನಡೆದಿತ್ತು. ನಿಂತು ಕೆಲಸ ಮಾಡುವ ನೆಲ ಮಾತ್ರ ಇನ್ನೂ ಸಿಕ್ಕಿರಲಿಲ್ಲ.

ಇಪ್ಪತ್ತರಲ್ಲಿ ಮೂರು

ಆ ನೆಲದ ಕಥೆ ತಿಳಿಯಬೇಕಾದರೆ ಚಂಪಾರಣದ ನೀಲಿ ಬೆಳೆಯ ಲೆಕ್ಕ ತಿಳಿಯಬೇಕು. ಇಲ್ಲಿನ ಜಮೀನಿನ ಬಹುಭಾಗ ಬೇತಿಯಾದಂಥ ದೊಡ್ಡ ಜಮೀನುದಾರಿಗಳಿಗೆ ಸೇರಿತ್ತು. ಅವುಗಳಿಂದ ಹಳ್ಳಿಹಳ್ಳಿಗಳನ್ನೇ ಗುತ್ತಿಗೆಗೆ ಪಡೆದವರು ಐರೋಪ್ಯ ತೋಟಗಾರರು. ಬಿಘಾ ಎಂಬುದು ಅಲ್ಲಿನ ಭೂಮಿಯ ಅಳತೆ. ಒಂದು ಬಿಘಾಕ್ಕೆ 20 ಕಠ್ಠಾ. ಪ್ರತಿ ಬಿಘಾದಲ್ಲೂ 3 ಕಠ್ಠಾ ಜಾಗದಲ್ಲಿ ರೈತನು ದೊರೆಗಾಗಿ ನೀಲಿಯನ್ನೇ ಬೆಳೆಯಬೇಕು. ಇದಕ್ಕೆ ‘ತೀನ್ ಕಠಿಯಾ’ ಪದ್ಧತಿ ಎಂದು ಹೆಸರು. ಬೆಳೆ ಯಾವುದೆಂದು ನಿರ್ಧರಿಸುವವನು ದೊರೆ. ಬೆಲೆ ಕಟ್ಟುವವನೂ ಅವನೇ. ಉತ್ತು ಬಿತ್ತಿ ಕೊಯ್ದು ಕಾರ್ಖಾನೆಗೆ ಸಾಗಿಸುವ ದುಡಿಮೆ ಮಾತ್ರ ರೈತನದು.

19ನೇ ಶತಮಾನ ಮುಗಿಯುವ ಹೊತ್ತಿಗೆ ಈ ವ್ಯಾಪಾರಕ್ಕೆ ದೂರದ ಜರ್ಮನಿಯಿಂದ ಪೆಟ್ಟು ಬಿತ್ತು. 1897ರಲ್ಲಿ ಅಲ್ಲಿನ ರಾಸಾಯನಿಕ ಕಾರ್ಖಾನೆಯೊಂದು ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಿತು. ಗಿಡದ ನೀಲಿಗೆ ಬೇಡಿಕೆ ಕುಸಿಯಿತು. ತೋಟಗಾರರಿಗೆ ನಷ್ಟವಾದರೆ ರೈತರಿಗೆ ಬಿಡುಗಡೆಯಾಗಬೇಕಿತ್ತಲ್ಲವೇ? ಹಾಗಾಗಲಿಲ್ಲ. ‘ನೀಲಿ ಬೆಳೆಯುವ ಕಟ್ಟುಪಾಡಿನಿಂದ ನಿನ್ನನ್ನು ಬಿಡುತ್ತೇವೆ, ಅದಕ್ಕೆ ಬದಲಾಗಿ ಹೆಚ್ಚು ಗೇಣಿ ಕೊಡು’ ಎಂದು ಕೆಲವೆಡೆ ಕೇಳಿದರು. ಇದು ‘ಶರಹ್‌ಬೇಶಿ’. ಬೇರೆಡೆ ‘ಒಂದೇ ಸಲಕ್ಕೆ ಇಡಿಗಂಟು ಕೊಟ್ಟು ಬಿಡಿಸಿಕೋ’ ಎಂದರು. ಇದು ‘ತಾವಾನ್’. ಮಾರುಕಟ್ಟೆಯಲ್ಲಿ ದೊರೆಗಾದ ನಷ್ಟವನ್ನು ರೈತನ ಜೇಬಿನಿಂದ ತುಂಬಿಸಿಕೊಳ್ಳುವ ಉಪಾಯ ಇದು. ಇದಲ್ಲದೆ ಕಾನೂನಿನಲ್ಲಿ ಎಲ್ಲೂ ಇಲ್ಲದ ಹತ್ತಾರು ಬಗೆಯ ವಸೂಲಿಗಳಿದ್ದವು. ದೊರೆ ಕುದುರೆ ಕೊಂಡರೂ ಆನೆ ಕೊಂಡರೂ ಅದಕ್ಕೆ ರೈತನಿಂದ ಹಣ. 1914ರಲ್ಲಿ ಮಹಾಯುದ್ಧ ಶುರುವಾಗಿ ಜರ್ಮನಿಯ ಬಣ್ಣ ಬರುವುದು ನಿಂತಾಗ ನೀಲಿಗೆ ಮತ್ತೆ ಬೆಲೆ ಬಂತು. ಒತ್ತಾಯವೂ ಮತ್ತೆ ಚಿಗುರಿತು.

ಈ ಸಂಕಟವನ್ನು ಹೊತ್ತು 1916ರ ಡಿಸೆಂಬರಿನಲ್ಲಿ ಲಖನೌ ಕಾಂಗ್ರೆಸ್ ಅಧಿವೇಶನಕ್ಕೆ ಬಂದವರು ಚಂಪಾರಣದ ರೈತ ರಾಜಕುಮಾರ ಶುಕ್ಲ. ಗಾಂಧೀಜಿಗೆ ಆಗ ಚಂಪಾರಣ ಎಲ್ಲಿದೆ ಎಂಬುದೂ ಗೊತ್ತಿರಲಿಲ್ಲ. ಕಣ್ಣಾರೆ ನೋಡದೆ ನಾನೇನೂ ಹೇಳಲಾರೆ ಎಂದರು. ಶುಕ್ಲ ಬಿಡಲಿಲ್ಲ. ಲಖನೌದಿಂದ ಕಾನ್ಪುರಕ್ಕೆ, ಅಲ್ಲಿಂದ ಅಹಮದಾಬಾದಿನ ಆಶ್ರಮಕ್ಕೆ, ಕೊನೆಗೆ ಕಲ್ಕತ್ತೆಗೆ ಬೆನ್ನುಹತ್ತಿ ಹೋದರು. 1917ರ ಏಪ್ರಿಲ್ 10ರಂದು ಗಾಂಧೀಜಿಯವರನ್ನು ರೈಲಿನಲ್ಲಿ ಪಟ್ನಾಕ್ಕೆ ಕರೆತಂದೇಬಿಟ್ಟರು.

ಗುಮಾಸ್ತರಾಗಿ ಬನ್ನಿ

ಪಟ್ನಾದಿಂದ ಗಾಂಧೀಜಿ ಮುಜಫರಪುರಕ್ಕೆ ಹೋದರು. ಅಲ್ಲಿನ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಜೆ.ಬಿ. ಕೃಪಲಾನಿ ಮಧ್ಯರಾತ್ರಿ ವಿದ್ಯಾರ್ಥಿಗಳೊಂದಿಗೆ ಬಂದು ನಿಲ್ದಾಣದಲ್ಲಿ ಅವರನ್ನು ಎದುರುಗೊಂಡರು. ಚಂಪಾರಣದ ರೈತರ ಮೊಕದ್ದಮೆಗಳನ್ನು ನಡೆಸುತ್ತಿದ್ದ ವಕೀಲರು ಗಾಂಧೀಜಿಯವರನ್ನು ಕಾಣಲು ಬಂದರು. ಅವರು ಒಳ್ಳೆಯವರೇ, ರೈತರ ಬಗ್ಗೆ ಕನಿಕರ ಉಳ್ಳವರೇ. ಆದರೆ ಪಡೆಯುತ್ತಿದ್ದ ಫೀಸು ಕೇಳಿ ಗಾಂಧೀಜಿ ದಂಗಾದರು.

ಅವರಿಗೆ ಗಾಂಧೀಜಿ ಹೇಳಿದ ಮಾತಿನ ಸಾರ ಇಷ್ಟು. ರೈತರು ಇಷ್ಟೊಂದು ಹೆದರಿ ಹೋಗಿರುವಾಗ ಕೋರ್ಟಿಗೆ ಅಲೆಯುವುದರಿಂದ ಪ್ರಯೋಜನವಿಲ್ಲ. ಮೊದಲು ಹೋಗಬೇಕಾದದ್ದು ಅವರ ಭಯ. ನಿಮ್ಮ ಕಾನೂನು ಪಾಂಡಿತ್ಯ ನನಗೆ ಅಷ್ಟಾಗಿ ಬೇಕಿಲ್ಲ. ಇಲ್ಲಿನ ಹಿಂದಿ ನನಗೆ ಪೂರ್ತಿ ತಿಳಿಯದು, ಕೈಥಿ ಲಿಪಿಯ ಕಾಗದ ಓದಲು ಬಾರದು. ನನಗೆ ಬೇಕಾದವರು ದುಭಾಷಿಗಳು, ಹೇಳಿಕೆ ಬರೆದುಕೊಳ್ಳುವ ಗುಮಾಸ್ತರು. ಸಮಯ ಬಂದರೆ ಜೈಲಿಗೂ ಸಿದ್ಧರಿರಬೇಕು.

ಮೊದಲಿನ ಮಾತಿಗೆ ವಕೀಲರು ಒಪ್ಪಿದರು. ಜೈಲಿನ ಮಾತು ಹೊಸದು. ಯೋಚಿಸುತ್ತೇವೆ ಎಂದರು. ತಮ್ಮ ಕಕ್ಷಿಗಾರರನ್ನು ಜೈಲಿನಿಂದ ಬಿಡಿಸುವುದೇ ವೃತ್ತಿಯಾಗಿದ್ದವರಿಗೆ ತಾವೇ ಜೈಲಿಗೆ ಹೋಗುವ ಕಲ್ಪನೆ ಬಂದಿರಲಿಲ್ಲ.

ಆನೆಯ ಮೇಲೆ ಬಂದ ನೋಟೀಸು

ಏಪ್ರಿಲ್ 15ರಂದು ಗಾಂಧೀಜಿ ಮೋತಿಹಾರಿ ತಲುಪಿದರು. ಅದಕ್ಕೆ ಮೊದಲೇ ಮುಜಫರಪುರದಲ್ಲಿ ತೋಟಗಾರರ ಸಂಘದ ಕಾರ್ಯದರ್ಶಿಯನ್ನೂ, ತಿರ್ಹುತ್ ವಿಭಾಗದ ಕಮಿಷನರ್ ಮೋರ್ಸ್‌ಹೆಡ್ ಅವರನ್ನೂ ಕಂಡು ತಾವು ಬಂದ ಉದ್ದೇಶ ತಿಳಿಸಿದ್ದರು. ಕದ್ದುಮುಚ್ಚಿ ಮಾಡುವ ಕೆಲಸ ಅವರದಲ್ಲ. ನೀವು ಹೊರಗಿನವರು, ಮರಳಿ ಹೋಗುವುದು ಒಳ್ಳೆಯದು ಎಂಬುದೇ ಎರಡೂ ಕಡೆಯಿಂದ ಬಂದ ಉತ್ತರ.

ಮರುದಿನ ಜಸೌಲಿಪಟ್ಟಿ ಎಂಬ ಹಳ್ಳಿಯಲ್ಲಿ ರೈತನೊಬ್ಬನ ಮೇಲೆ ದೌರ್ಜನ್ಯ ನಡೆದ ಸುದ್ದಿ ತಿಳಿದು, ಧರಣೀಧರ ಪ್ರಸಾದ್ ಮತ್ತು ರಾಮನವಮಿ ಪ್ರಸಾದ್ ಎಂಬ ಇಬ್ಬರು ವಕೀಲರೊಂದಿಗೆ ಗಾಂಧೀಜಿ ಆನೆಯ ಮೇಲೆ ಹೊರಟರು. ನಮ್ಮಲ್ಲಿ ಎತ್ತಿನ ಗಾಡಿ ಎಷ್ಟು ಸಾಮಾನ್ಯವೋ ಅಲ್ಲಿ ಆಗ ಆನೆ ಅಷ್ಟೇ ಸಾಮಾನ್ಯ. ಅರ್ಧ ದಾರಿಯಲ್ಲಿ ಚಂದ್ರಹಿಯಾ ಎಂಬಲ್ಲಿ ಪೊಲೀಸ್ ಅಧಿಕಾರಿಯೊಬ್ಬ ಬಂದು, ಸಾಹೇಬರು ಸಲಾಂ ಹೇಳಿದ್ದಾರೆ ಎಂದ. ಅದರ ಅರ್ಥ ಗಾಂಧೀಜಿಗೆ ತಿಳಿಯಿತು. ಜೊತೆಯವರನ್ನು ಹಳ್ಳಿಗೆ ಮುಂದೆ ಕಳುಹಿಸಿ ತಾವು ಗಾಡಿಯಲ್ಲಿ ಹಿಂದಿರುಗಿದರು. ಅವರ ಕೈಗೆ ಜಿಲ್ಲಾ ಮ್ಯಾಜಿಸ್ಟ್ರೇಟ್ ಹೇಕಾಕ್ ಸಹಿ ಮಾಡಿದ ನೋಟೀಸು ಬಂತು. ನಿಮ್ಮ ಇರುವಿಕೆಯಿಂದ ಶಾಂತಿಭಂಗವಾಗುವ ಸಂಭವವಿದೆ, ಮುಂದಿನ ರೈಲಿಗೇ ಜಿಲ್ಲೆ ಬಿಡಿ ಎಂಬುದು ಅದರ ತಾತ್ಪರ್ಯ.

ಇಲ್ಲಿ ಕಾನೂನಿನ ಕೀಲನ್ನು ಸ್ವಲ್ಪ ನೋಡೋಣ. ಈ ಆಜ್ಞೆ ಹೊರಟದ್ದು ದಂಡ ಪ್ರಕ್ರಿಯಾ ಸಂಹಿತೆಯ 144ನೇ ಸೆಕ್ಷನ್ ಪ್ರಕಾರ. ಕೆಡುಕು ಆದ ಮೇಲಲ್ಲ, ಆಗಬಹುದು ಎಂಬ ಊಹೆಯ ಮೇಲೆ ಮ್ಯಾಜಿಸ್ಟ್ರೇಟರು ಹೊರಡಿಸಬಹುದಾದ ಆಜ್ಞೆ ಇದು. ಅದನ್ನು ಮೀರಿದರೆ ಭಾರತೀಯ ದಂಡ ಸಂಹಿತೆಯ 188ನೇ ಸೆಕ್ಷನ್ ಅನ್ವಯ ಶಿಕ್ಷೆ. ಸಾಮಾನ್ಯ ಸಂದರ್ಭದಲ್ಲಿ ಒಂದು ತಿಂಗಳ ಸಾದಾ ಸಜೆ ಅಥವಾ 200 ರೂಪಾಯಿ ದಂಡ. ಜೀವಕ್ಕೆ ಅಪಾಯ, ದೊಂಬಿ ಇತ್ಯಾದಿಗೆ ಎಡೆಯಾದರೆ ಆರು ತಿಂಗಳವರೆಗೆ. ಹೊರಗಿನವನೊಬ್ಬನನ್ನು ಊರು ಬಿಡಿಸಲು ಇದಕ್ಕಿಂತ ಸುಲಭದ ಆಯುಧ ಆಡಳಿತಕ್ಕೆ ಬೇರೊಂದಿರಲಿಲ್ಲ. ನೋಟೀಸು ಪಡೆದವರು ಮಾಡುತ್ತಿದ್ದದ್ದು ಎರಡೇ ಕೆಲಸ: ಒಂದೋ ಊರು ಬಿಡುವುದು, ಇಲ್ಲವೇ ಆಜ್ಞೆ ಸರಿಯಿಲ್ಲವೆಂದು ವಕೀಲರ ಮೂಲಕ ವಾದಿಸುವುದು.

ಗಾಂಧೀಜಿ ಎರಡನ್ನೂ ಮಾಡಲಿಲ್ಲ. ವಿಚಾರಣೆ ಮುಗಿಯದೆ ಚಂಪಾರಣ ಬಿಡಲಾರೆ ಎಂದು ಬರೆದು ಕೊಟ್ಟರು. ಮರುದಿನ ಸಮನ್ಸ್ ಬಂತು, 18ರಂದು ಹಾಜರಾಗಬೇಕೆಂದು. ಆ ರಾತ್ರಿ ಅವರು ವೈಸ್‌ರಾಯ್ ಕಡೆಗೆ, ಪಟ್ನಾದ ಗೆಳೆಯರಿಗೆ ಪತ್ರ, ತಂತಿಗಳನ್ನು ಕಳುಹಿಸಿದರು. ಜೊತೆಗಿದ್ದ ವಕೀಲರನ್ನು ಒಂದು ಪ್ರಶ್ನೆ ಕೇಳಿದರು: ನಾನು ಜೈಲಿಗೆ ಹೋದರೆ ನೀವೇನು ಮಾಡುತ್ತೀರಿ? ವಕೀಲರಿಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ನಮ್ಮ ಊರು ಕೇರಿಗೆ ಸಂಬಂಧವಿಲ್ಲದ ಈತ ನಮ್ಮ ರೈತರಿಗಾಗಿ ಜೈಲಿಗೆ ಹೊರಟಿರುವಾಗ ನಾವು ಮನೆಗೆ ಹೋಗುವುದೇ ಎಂಬ ಯೋಚನೆ ಅವರನ್ನು ಕಾಡಿತು. ಕೊನೆಗೆ, ನಿಮ್ಮ ಹಿಂದೆ ನಾವೂ ಬರುತ್ತೇವೆ ಎಂದರು. ಜೈಲಿಗೆ ಹೋಗುವವರ ಸರದಿಯ ಪಟ್ಟಿಯೂ ತಯಾರಾಯಿತು.

ತಪ್ಪೊಪ್ಪಿಕೊಂಡ ಆರೋಪಿ

18ರಂದು ಬೆಳಗಿನಿಂದಲೇ ಹಳ್ಳಿಗಳ ಜನ ಮೋತಿಹಾರಿಗೆ ಹರಿದು ಬಂದರು. ಕಚೇರಿಯ ಹೆಸರು ಕೇಳಿದರೆ ನಡುಗುತ್ತಿದ್ದ ರೈತರು ಅಂದು ಸಾವಿರಾರು ಸಂಖ್ಯೆಯಲ್ಲಿ ಕಚೇರಿಯ ಅಂಗಳದಲ್ಲಿ ನೆರೆದಿದ್ದರು. ಒಳಗೆ ನುಗ್ಗುವ ಭರದಲ್ಲಿ ಬಾಗಿಲಿನ ಗಾಜುಗಳು ಒಡೆದವು. ಜನರನ್ನು ಹಿಡಿತದಲ್ಲಿಡಲು ಅಧಿಕಾರಿಗಳಿಗೆ ನೆರವಾದವರು ಆರೋಪಿಯೇ. ಶಾಂತಿಭಂಗ ಮಾಡುವವನೆಂದು ಯಾರ ಮೇಲೆ ಆರೋಪವಿತ್ತೋ ಅವರ ಮಾತಿಗೆ ಮಾತ್ರ ಜನ ಶಾಂತರಾದರು.

ಮ್ಯಾಜಿಸ್ಟ್ರೇಟ್ ಜಾರ್ಜ್ ಚಂದರ್ ಪೀಠದಲ್ಲಿದ್ದರು. ಸರಕಾರಿ ವಕೀಲರು ಆಜ್ಞೆಯ ಉಲ್ಲಂಘನೆಯನ್ನು ಸಾಬೀತು ಮಾಡಲು ಸಿದ್ಧರಾಗಿ ಬಂದಿದ್ದರು. ಹೆಸರಾಂತ ಬ್ಯಾರಿಸ್ಟರರು ಆಜ್ಞೆಯ ಸಿಂಧುತ್ವವನ್ನೇ ಪ್ರಶ್ನಿಸಿ ದೊಡ್ಡ ವಾದ ಹೂಡುತ್ತಾರೆಂಬ ನಿರೀಕ್ಷೆ ಎಲ್ಲರದು. ಗಾಂಧೀಜಿ ತಪ್ಪೊಪ್ಪಿಕೊಂಡರು. ಆಮೇಲೆ ಹೇಳಿಕೆ ಓದಿದರು. ಕಾನೂನಿಗೆ ತಲೆಬಾಗುವ ಪ್ರಜೆಯಾಗಿ ಆಜ್ಞೆಯನ್ನು ಪಾಲಿಸಬೇಕೆಂದೇ ತಮಗೆ ಮೊದಲು ಅನಿಸಿತು, ಆದರೆ ಯಾರಿಗಾಗಿ ಬಂದೆನೋ ಅವರ ಬಗೆಗಿನ ಕರ್ತವ್ಯಕ್ಕೆ ಅದರಿಂದ ದ್ರೋಹವಾಗುತ್ತಿತ್ತು ಎಂದರು. ಆಜ್ಞೆಯನ್ನು ಮೀರಿದ್ದು ಸರಕಾರದ ಮೇಲೆ ಗೌರವವಿಲ್ಲದೆ ಅಲ್ಲ, ಅದಕ್ಕಿಂತ ಮೇಲಿನ ಕಟ್ಟಳೆಯಾದ ಅಂತಃಕರಣದ ದನಿಗೆ ಓಗೊಟ್ಟು ಎಂದರು. ಶಿಕ್ಷೆಯನ್ನು ಕಡಿಮೆ ಮಾಡಿಸಿಕೊಳ್ಳಲು ಈ ಹೇಳಿಕೆ ಅಲ್ಲ ಎಂದೂ ಸೇರಿಸಿದರು.

ಇದು ಕೋರ್ಟನ್ನು ಇಕ್ಕಟ್ಟಿಗೆ ಸಿಲುಕಿಸಿತು. ಆರೋಪಿ ನಿರಾಕರಿಸಿದ್ದರೆ ಸಾಕ್ಷಿ, ಪಾಟೀಸವಾಲು, ವಾಯಿದೆ ಎಂದು ವಾರಗಟ್ಟಲೆ ಎಳೆಯಬಹುದಿತ್ತು. ಆ ಗದ್ದಲದಲ್ಲಿ ನೀಲಿಯ ಪ್ರಶ್ನೆ ಮರೆಯಾಗುತ್ತಿತ್ತು. ತಪ್ಪೊಪ್ಪಿಕೊಂಡ ಮೇಲೆ ಸಾಕ್ಷಿಗೆ ಕೆಲಸವಿಲ್ಲ. ಉಳಿದದ್ದು ಶಿಕ್ಷೆ ವಿಧಿಸುವುದೊಂದೇ. ರೈತರ ಕಷ್ಟ ವಿಚಾರಿಸಲು ಬಂದದ್ದಕ್ಕೆ ಒಬ್ಬನನ್ನು ಜೈಲಿಗೆ ಹಾಕಿದ ಹೊಣೆಯನ್ನು, ಹೊರಗೆ ಸಾವಿರಾರು ರೈತರು ನಿಂತಿರುವಾಗ, ಕೋರ್ಟು ಹೊರಬೇಕಾಯಿತು. ಈಗಲೂ ಜಿಲ್ಲೆ ಬಿಟ್ಟು ಹೋಗಿ, ಮರಳಿ ಬರುವುದಿಲ್ಲವೆಂದು ಮಾತು ಕೊಟ್ಟರೆ ಮೊಕದ್ದಮೆ ಹಿಂತೆಗೆದುಕೊಳ್ಳುತ್ತೇವೆ ಎಂದರು ಮ್ಯಾಜಿಸ್ಟ್ರೇಟರು. ಅದಾಗದು, ಜೈಲಿನಿಂದ ಹೊರಬಂದ ಮೇಲೂ ಚಂಪಾರಣವೇ ನನ್ನ ಮನೆ ಎಂಬ ಉತ್ತರ ಬಂತು. 100 ರೂಪಾಯಿ ಜಾಮೀನು ಕೊಡಿ ಎಂದರೆ, ಜಾಮೀನು ನಿಲ್ಲುವವರು ಯಾರೂ ಇಲ್ಲ ಎಂದರು. ಕೊನೆಗೆ ಅವರ ಮಾತಿನ ಮೇಲೆಯೇ ಬಿಟ್ಟು, ತೀರ್ಪನ್ನು 21ಕ್ಕೆ ಮುಂದೂಡಲಾಯಿತು.

ಆ ತೀರ್ಪು ಬರಲೇ ಇಲ್ಲ. ಅಷ್ಟರೊಳಗೆ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಎಡ್ವರ್ಡ್ ಗೇಟ್ ಅವರ ಸರಕಾರ ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಲು ಆದೇಶ ನೀಡಿತು. ವಿಚಾರಣೆ ಮುಂದುವರಿಸಬಹುದು, ಬೇಕಾದ ಸಹಾಯ ದೊರೆಯುವುದು ಎಂದು ಜಿಲ್ಲಾಧಿಕಾರಿಯೇ ತಿಳಿಸಿದರು.

ಮೂರು ಕೋರ್ಟುಗಳು

ಗಾಂಧೀಜಿಯವರ ಬಾಳಿನಲ್ಲಿ ಕೋರ್ಟು ಹೀಗೆ ಎದುರಾದದ್ದು ಇದೇ ಮೊದಲಲ್ಲ. 1891ರಲ್ಲಿ ಬ್ಯಾರಿಸ್ಟರ್ ಆಗಿ ಮರಳಿದ ಮೇಲೆ ಮುಂಬಯಿಯ ಸಣ್ಣ ವ್ಯಾಜ್ಯಗಳ ಕೋರ್ಟಿನಲ್ಲಿ ಅವರ ಮೊದಲ ಮೊಕದ್ದಮೆ. ಫೀಸು 30 ರೂಪಾಯಿ. ಪಾಟೀಸವಾಲಿಗೆ ಎದ್ದು ನಿಂತರೆ ಮಾತೇ ಹೊರಡಲಿಲ್ಲ. ತಲೆ ಸುತ್ತಿತು. ಫೀಸು ಹಿಂದಿರುಗಿಸಿ ಹೊರಟುಬಿಟ್ಟರು. 1893ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ ಕೋರ್ಟಿನಲ್ಲಿ ಪೇಟ ತೆಗೆಯುವಂತೆ ಮ್ಯಾಜಿಸ್ಟ್ರೇಟ್ ಹೇಳಿದಾಗ ನಿರಾಕರಿಸಿ ಹೊರನಡೆದರು. ಆದರೆ ಮರುವರ್ಷ ನಟಾಲಿನ ಸುಪ್ರೀಂ ಕೋರ್ಟಿನಲ್ಲಿ ವಕೀಲರಾಗಿ ಸೇರಿದಾಗ ಮುಖ್ಯ ನ್ಯಾಯಮೂರ್ತಿಯ ಮಾತಿಗೆ ಅದೇ ಪೇಟವನ್ನು ತೆಗೆದರು. ಕೋರ್ಟಿನ ಸದಸ್ಯನಾದ ಮೇಲೆ ಅದರ ರೀತಿಗೆ ಒಪ್ಪಬೇಕು, ದೊಡ್ಡ ಹೋರಾಟಕ್ಕೆ ಶಕ್ತಿ ಉಳಿಸಿಕೊಳ್ಳಬೇಕು ಎಂಬುದು ಅವರ ಲೆಕ್ಕ. ಗೆಳೆಯರಿಗೆ ಇದು ಹಿಡಿಸಲಿಲ್ಲ.

ಈ ಹಿನ್ನೆಲೆಯಲ್ಲಿ ನೋಡಿದರೆ ಮೋತಿಹಾರಿಯ ನಡೆ ಅರ್ಥವಾಗುತ್ತದೆ. ಕೋರ್ಟಿಗೆ ಗೌರವ ಕೊಡುವುದು ಬೇರೆ, ಅನ್ಯಾಯದ ಆಜ್ಞೆಗೆ ಮಣಿಯುವುದು ಬೇರೆ. ಆಜ್ಞೆಯನ್ನು ಮೀರುವವನು ಅದರ ಶಿಕ್ಷೆಯನ್ನೂ ತಾನಾಗಿ ಕೇಳಿ ಪಡೆಯಬೇಕು. ಹಾಗೆ ಮಾಡಿದಾಗ ಅವನು ಕಾನೂನನ್ನು ಮುರಿಯುವವನಾಗಿ ಕಾಣುವುದಿಲ್ಲ, ಅದರ ತಪ್ಪನ್ನು ತೋರಿಸುವವನಾಗಿ ಕಾಣುತ್ತಾನೆ. 1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ರಾಜದ್ರೋಹದ ಆರೋಪದ ಮೇಲೆ ನ್ಯಾಯಾಧೀಶ ಬ್ರೂಮ್‌ಫೀಲ್ಡರ ಮುಂದೆ ನಿಂತಾಗಲೂ ಗಾಂಧೀಜಿ ತಪ್ಪೊಪ್ಪಿಕೊಂಡು ಗರಿಷ್ಠ ಶಿಕ್ಷೆ ಕೇಳಿದರು. ಆಗ ಆರು ವರ್ಷ ಸಜೆಯಾಯಿತು. ಆ ದಾರಿಯ ಮೊದಲ ಹೆಜ್ಜೆ ಭಾರತದ ನೆಲದಲ್ಲಿ ಮೂಡಿದ್ದು ಮೋತಿಹಾರಿಯ ಸಣ್ಣ ಕಚೇರಿಯಲ್ಲಿ.

ಕೋರ್ಟಿನ ನಂತರದ ಕೆಲಸ

ಕಟಕಟೆಯ ಧೈರ್ಯವೊಂದರಿಂದಲೇ ಚಂಪಾರಣದ ರೈತರಿಗೆ ಪರಿಹಾರ ಸಿಕ್ಕಿತೆಂದು ತಿಳಿದರೆ ತಪ್ಪಾದೀತು. ಆ ಮಧ್ಯಾಹ್ನ ದೊರೆತದ್ದು ವಿಚಾರಣೆ ನಡೆಸುವ ಅವಕಾಶ ಮಾತ್ರ. ಗೆಲುವು ಬಂದದ್ದು ಆಮೇಲಿನ ತಿಂಗಳುಗಳ ಬೇಸರದ ಕೆಲಸದಿಂದ. ರಾಜೇಂದ್ರ ಪ್ರಸಾದ್, ಬ್ರಜಕಿಶೋರ ಪ್ರಸಾದ್, ಅನುಗ್ರಹ ನಾರಾಯಣ ಸಿಂಹ ಮೊದಲಾದ ವಕೀಲರು ಬೆಳಗಿನಿಂದ ಸಂಜೆಯವರೆಗೆ ಕುಳಿತು ಸಾವಿರಾರು ರೈತರ ಹೇಳಿಕೆ ಬರೆದುಕೊಂಡರು. ಪ್ರತಿ ಹೇಳಿಕೆಯನ್ನೂ ಪಾಟೀಸವಾಲು ಮಾಡಿ ನೋಡಬೇಕು, ನಿಲ್ಲದ ಮಾತನ್ನು ಬಿಟ್ಟುಬಿಡಬೇಕು ಎಂಬುದು ನಿಯಮ. ಗುಪ್ತ ಪೊಲೀಸರು ಎದುರಿಗೇ ಕುಳಿತು ಕೇಳುತ್ತಿದ್ದರು. ಅವರನ್ನು ಯಾರೂ ಎಬ್ಬಿಸಲಿಲ್ಲ. ಪೊಲೀಸರ ಕಣ್ಣೆದುರಿಗೇ ದೊರೆಯ ಮೇಲೆ ದೂರು ಬರೆಸಿ ಹೆಬ್ಬೆಟ್ಟು ಒತ್ತುವ ರೈತನ ಭಯ ಅಲ್ಲಿಗೆ ಅರ್ಧ ಹೋದಂತೆಯೇ.

1917ರ ಜೂನಿನಲ್ಲಿ ಸರಕಾರವೇ ವಿಚಾರಣಾ ಸಮಿತಿ ನೇಮಿಸಿತು. ಫ್ರಾಂಕ್ ಸ್ಲೈ ಅಧ್ಯಕ್ಷರು, ಗಾಂಧೀಜಿ ಒಬ್ಬ ಸದಸ್ಯರು. ಅಕ್ಟೋಬರಿನಲ್ಲಿ ವರದಿ ಬಂತು. ತೀನ್ ಕಠಿಯಾ ರದ್ದಾಗಬೇಕು, ಏರಿಸಿದ ಗೇಣಿ ಇಳಿಯಬೇಕು, ವಸೂಲು ಮಾಡಿದ ತಾವಾನಿನಲ್ಲಿ ಶೇಕಡ 25 ಹಿಂದಿರುಗಿಸಬೇಕು ಎಂದು ಅದು ಹೇಳಿತು. 1918ರಲ್ಲಿ ಚಂಪಾರಣ ಕೃಷಿ ಕಾಯಿದೆ ಜಾರಿಗೆ ಬಂದು ಪದ್ಧತಿ ಕೊನೆಗೊಂಡಿತು. ಕೇವಲ ಶೇಕಡ 25ಕ್ಕೆ ಒಪ್ಪಿದ್ದೇಕೆ ಎಂದು ಆಗಲೂ ಕೇಳಿದರು, ಈಗಲೂ ಕೇಳುವವರಿದ್ದಾರೆ. ತೋಟಗಾರರು ಪಡೆದ ಹಣದಲ್ಲಿ ಸ್ವಲ್ಪವನ್ನಾದರೂ ಮರಳಿಸಬೇಕಾಗಿ ಬಂದದ್ದೇ ಅವರ ದರ್ಪ ಮುರಿದದ್ದರ ಗುರುತು ಎಂಬುದು ಗಾಂಧೀಜಿಯವರ ಎಣಿಕೆ. ಜಮೀನುದಾರಿ ಪದ್ಧತಿಯನ್ನು ಈ ಹೋರಾಟ ಮುಟ್ಟಲಿಲ್ಲ ಎಂಬ ಟೀಕೆಯೂ ನಿಜವೇ.

ಚಂಪಾರಣಕ್ಕೆ ಕನ್ನಡ ನಾಡಿನ ನಂಟೂ ಇದೆ. ರೈತರ ಬಡತನದ ಹಿಂದೆ ಅಜ್ಞಾನ, ಕೊಳಕು, ರೋಗ ಇರುವುದನ್ನು ಕಂಡ ಗಾಂಧೀಜಿ ಹಳ್ಳಿಗಳಲ್ಲಿ ಶಾಲೆ ತೆರೆಯಲು ಸ್ವಯಂಸೇವಕರಿಗಾಗಿ ಕರೆ ಕೊಟ್ಟರು. ‘ಕರ್ನಾಟಕ ಸಿಂಹ’ ಎಂದು ಹೆಸರಾದ ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆಯವರು ಬಾಬಾಸಾಹೇಬ ಸೋಮಣ ಮತ್ತು ಪುಂಡಲೀಕ ಎಂಬ ಇಬ್ಬರನ್ನು ಅಷ್ಟು ದೂರಕ್ಕೆ ಕಳುಹಿಸಿಕೊಟ್ಟರು. ಮುಂಬಯಿಯಿಂದ ಅವಂತಿಕಾಬಾಯಿ ಗೋಖಲೆ ಬಂದರು, ಆಶ್ರಮದಿಂದ ಕಸ್ತೂರಬಾ ಬಂದರು. ಸ್ವಯಂಸೇವಕರು ಮರಳಿದ ಮೇಲೆ ಆ ಕೆಲಸ ಬಹುಕಾಲ ನಡೆಯಲಿಲ್ಲ. ಅದನ್ನು ಮುಂದುವರಿಸಲಾಗಲಿಲ್ಲವೆಂಬ ಕೊರಗು ಗಾಂಧೀಜಿಯವರಿಗೂ ಇತ್ತು.

ಮೋತಿಹಾರಿಗೆ ಗುಮಾಸ್ತರಾಗಿ ಬಂದ ವಕೀಲರಲ್ಲಿ ಒಬ್ಬರಾದ ರಾಜೇಂದ್ರ ಪ್ರಸಾದರು 1950ರಲ್ಲಿ ಭಾರತದ ಮೊದಲ ರಾಷ್ಟ್ರಪತಿಗಳಾದರು. ಗಾಂಧೀಜಿಯವರ ಮೇಲೆ ಬಳಸಿದ ಸೆಕ್ಷನ್ನುಗಳು ಸ್ವತಂತ್ರ ಭಾರತದಲ್ಲೂ ಬಾಳಿದವು. 2024ರ ಜುಲೈ 1ರಂದು ಹೊಸ ಸಂಹಿತೆಗಳು ಜಾರಿಗೆ ಬಂದು 144ನೇ ಸೆಕ್ಷನ್ನಿನ ಜಾಗದಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 163, 188ರ ಜಾಗದಲ್ಲಿ ನ್ಯಾಯ ಸಂಹಿತೆಯ 223 ಬಂದಿವೆ. ಅಂಕಿ ಬದಲಾಗಿದೆ, ಅಧಿಕಾರ ಉಳಿದಿದೆ. ಶಾಂತಿಭಂಗದ ಊಹೆಯ ಮೇಲೆ ಹೊರಡುವ ಆಜ್ಞೆ ಯಾವಾಗ ನ್ಯಾಯ, ಯಾವಾಗ ಅನ್ಯಾಯ ಎಂಬ ಪ್ರಶ್ನೆಯೂ ಉಳಿದಿದೆ.

ಹಳೆಯ ಕಚೇರಿ ಈಗಿಲ್ಲ. ಗಾಜು ಒಡೆದ ಆ ಬಾಗಿಲೂ ಇಲ್ಲ. ಅಲ್ಲಿ ನಿಂತಿರುವ ಕಲ್ಲಿನ ಕಂಬ ಸಾರುವುದು ಒಬ್ಬ ನಾಯಕರ ಹೆಸರನ್ನು. ಆದರೆ ಅಂದು ಅಂಗಳದಲ್ಲಿ ನಿಂತಿದ್ದ ಸಾವಿರಾರು ಜನರನ್ನೂ ಅದರ ಜೊತೆಗೆ ನೆನೆಯಬೇಕು. ಕಚೇರಿಯ ನೆರಳಿಗೂ ಹೆದರುತ್ತಿದ್ದ ಅವರು ಅಂದು ಕರೆಯದೆ ಬಂದರು, ತೀರ್ಪು ಕೇಳಲು ನಿಂತರು, ತೀರ್ಪು ಬಾರದಿದ್ದರೂ ತಮ್ಮ ಹೇಳಿಕೆ ಬರೆಸಲು ಮರಳಿ ಬಂದರು.